ಕಾಯ–ಕಾಯಕ: ಬದನೆಯ ಹೊಲ ಮತ್ತು ಮರೆಮಾಚಿದ ಗಂಟು



ಅನುಭವ ಮಂಟಪದಲ್ಲಿ ವೈದ್ಯ ಸಂಗಣ್ಣನವರಿಗೂ ಒಕ್ಕಲಿಗ ಮುದ್ದಣ್ಣನವರಿಗೂ ಸಮಾನ ಸ್ಥಾನವಿತ್ತು. ಒಬ್ಬರದು ರೋಗಿಯ ಕಾಯವನ್ನು ನೋಡುವ ಕಾಯಕ, ಇನ್ನೊಬ್ಬರದು ಭೂಮಿಯನ್ನು ಉತ್ತು ಬೆಳೆಯುವ ಕಾಯಕ. ಈ ಅಂಕಣಕ್ಕೆ ಹೆಸರಿಡುವಾಗ ನಮ್ಮ ಮನಸ್ಸಿನಲ್ಲಿದ್ದವರು ಇವರಿಬ್ಬರೇ. ಆದರೂ ಆರೋಗ್ಯದ ಮಾತನ್ನೂ ಒಕ್ಕಲುತನದ ಮಾತನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆಯಬಾರದೇಕೆ ಎಂದು ಕೆಲವು ಓದುಗರು ಆಗಾಗ ಕೇಳುತ್ತಾರೆ. ಈ ತಿಂಗಳು ಹಾಗೆ ಬೇರ್ಪಡಿಸಿ ಬರೆಯುವುದು ನಮ್ಮಿಂದಾಗಲಿಲ್ಲ. ಕಾರಣವನ್ನು ಮೊದಲು ನಿವೇದಿಸುತ್ತೇವೆ.

ಕಳೆದ ಶ್ರಾವಣದಲ್ಲಿ ಹಾವೇರಿ ಸೀಮೆಯ ಒಂದು ಊರಿನ ಮಠದಲ್ಲಿ ಪ್ರವಚನ ಮುಗಿದು, ದಾಸೋಹದ ಪಂಕ್ತಿ ಏಳುವ ಹೊತ್ತಿಗೆ, ಐವತ್ತು ದಾಟಿದ ತಾಯಿಯೊಬ್ಬರು ಪತಿಯೊಡನೆ ನಮ್ಮ ಬಳಿ ಬಂದು ಕುಳಿತರು. ಬದನೆ, ಮೆಣಸಿನಕಾಯಿ ಬೆಳೆಯುವ ಮನೆತನ. ತಾಯಿಯವರ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡು ಎಂಟು ತಿಂಗಳಾಗಿತ್ತು. ನೋವಿಲ್ಲವೆಂದು ಯಾರಿಗೂ ಹೇಳಿರಲಿಲ್ಲ. ಯಾರೋ ಕೊಟ್ಟ ಬೇರಿನ ಲೇಪವನ್ನು ಹಚ್ಚಿಕೊಳ್ಳುತ್ತಿದ್ದರು. ಸೊಸೆ ಒಂದು ದಿನ ತಲೆಗೆ ನೀರು ಹಾಕುವಾಗ ನೋಡಿ, ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದ ಮೇಲೆ ಅದು ಕ್ಯಾನ್ಸರ್ ಎಂದು ತಿಳಿಯಿತು. ಚಿಕಿತ್ಸೆ ಆರಂಭವಾಗುವುದರಲ್ಲಿತ್ತು. ಅವರು ನಮ್ಮನ್ನು ಕೇಳಿದ್ದು ಚಿಕಿತ್ಸೆಯ ವಿಷಯವನ್ನಲ್ಲ.

"ನಾವು ಮಾಂಸ ಮುಟ್ಟಿದವರಲ್ಲರೀ, ಸೆರೆ ಕಂಡವರಲ್ಲ. ಲಿಂಗಪೂಜಿ ಆಗದ ಬಾಯಾಗ ನೀರು ಹಾಕಿದವರಲ್ಲ. ನನಗ್ಯಾಕ ಬಂತರೀ ಇದು?"

ಪತಿ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ನೆಲ ನೋಡುತ್ತ ಇನ್ನೊಂದು ಪ್ರಶ್ನೆ ಕೇಳಿದರು. "ಬದನಿಗಿಡಕ್ಕ ವಾರಕ್ಕೆರಡು ಸಲ ಎಣ್ಣಿ ಹೊಡದಾಂವ ನಾನ. ಅದನ್ನ ಉಂಡು ಇಕಿಗೆ ಹಿಂಗಾತೇನರೀ?"

ಈ ಎರಡು ಪ್ರಶ್ನೆಗಳಿಗೆ ಅಂದು ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಇಂಥ ಪ್ರಶ್ನೆಗಳು ಅನೇಕ ಮನೆಗಳಲ್ಲಿ ಬಾಯಿಗೆ ಬಾರದೆ ಉಳಿದಿರಬಹುದೆಂದು ತೋರಿದ್ದರಿಂದ, ಪೂರ್ಣವಾದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ತಾಯಿಯವರ ಪ್ರಶ್ನೆ. ಸಸ್ಯಾಹಾರಿಗಳಿಗೆ ಸ್ತನದ ಕ್ಯಾನ್ಸರ್ ಬಾರದು ಎಂಬ ನಂಬಿಕೆ ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದೆ. ಇದಕ್ಕೆ ಒಂದು ಹಿನ್ನೆಲೆಯೂ ಇದೆ. ಮಾಂಸ ಮತ್ತು ಕೊಬ್ಬನ್ನು ಹೆಚ್ಚು ಸೇವಿಸುವ ಪಶ್ಚಿಮದ ದೇಶಗಳಲ್ಲಿ ಈ ರೋಗ ಹೆಚ್ಚು, ಏಷ್ಯದ ದೇಶಗಳಲ್ಲಿ ಕಡಿಮೆ ಎಂಬುದನ್ನು ವಿದ್ವಾಂಸರು 1970ರ ದಶಕದಲ್ಲಿಯೇ ಅಂಕಿ ಸಂಖ್ಯೆಗಳಿಂದ ತೋರಿಸಿದ್ದರು. ಜಪಾನಿನಿಂದ ಅಮೆರಿಕೆಗೆ ಹೋಗಿ ನೆಲೆಸಿದ ಕುಟುಂಬಗಳಲ್ಲಿ, ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ, ಹೆಣ್ಣುಮಕ್ಕಳಿಗೆ ಈ ರೋಗ ತಗಲುವ ಪ್ರಮಾಣ ಅಲ್ಲಿಯವರ ಸಮೀಪಕ್ಕೆ ಬಂದಿತೆಂಬುದೂ ನಿಜ. ಆದುದರಿಂದ ಎಲ್ಲವೂ ಅನ್ನದ ತಟ್ಟೆಯಲ್ಲಿಯೇ ಇದೆ ಎಂದು ಊಹಿಸಿದ್ದು ಸಹಜ.

ಆದರೆ ದೇಶ ಬದಲಾದಾಗ ತಟ್ಟೆಯೊಂದೇ ಬದಲಾಗುವುದಿಲ್ಲ. ಮೈ ನೆರೆಯುವ ವಯಸ್ಸು, ಮದುವೆಯ ವಯಸ್ಸು, ಹೆರುವ ಮಕ್ಕಳ ಸಂಖ್ಯೆ, ಹಾಲೂಡಿಸುವ ಅವಧಿ, ನಡೆದಾಡುವ ಅಭ್ಯಾಸ, ದೇಹದ ಎತ್ತರ ಮತ್ತು ತೂಕ, ಇವೆಲ್ಲವೂ ಬದಲಾಗುತ್ತವೆ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ನೋಡಲು ನಮ್ಮ ದೇಶಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಹುಟ್ಟಿನಿಂದ ಸಸ್ಯಾಹಾರಿಗಳಾದ ಲಕ್ಷಾಂತರ ಮಹಿಳೆಯರು ಮತ್ತಾವ ದೇಶದಲ್ಲಿದ್ದಾರೆ? 2011ರಿಂದ 2014ರವರೆಗೆ ಭಾರತದ ಎಂಟು ಕ್ಯಾನ್ಸರ್ ಕೇಂದ್ರಗಳಲ್ಲಿ ಇಂಥ ಅಧ್ಯಯನ ನಡೆಯಿತು. ಹೊಸದಾಗಿ ಸ್ತನದ ಕ್ಯಾನ್ಸರ್ ಪತ್ತೆಯಾದ 2101 ಮಹಿಳೆಯರನ್ನು, ಅದೇ ವಯೋಮಾನದ, ಅದೇ ಸೀಮೆಯ, ಆ ರೋಗವಿಲ್ಲದ 2255 ಮಹಿಳೆಯರೊಡನೆ ಹೋಲಿಸಲಾಯಿತು. ಒಟ್ಟು ಮಹಿಳೆಯರಲ್ಲಿ ಸುಮಾರು ಕಾಲು ಭಾಗದವರು ಆಜನ್ಮ ಸಸ್ಯಾಹಾರಿಗಳು. 2017ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಆಜನ್ಮ ಸಸ್ಯಾಹಾರದಿಂದ ಈ ರೋಗದ ಸಂಭವ ಕಡಿಮೆಯಾಗಿರಲಿಲ್ಲ.

ಇದನ್ನು ಓದಿ ಕೆಲವರಿಗೆ ಬೇಸರವಾಗಬಹುದು. ನಮಗೆ ಹಾಗೆ ಅನಿಸಲಿಲ್ಲ. ನಾವು ಸಸ್ಯಾಹಾರಿಗಳಾಗಿರುವುದು ದಯೆಯ ಕಾರಣದಿಂದ. ರೋಗದ ವಿಮೆಯ ಕಾರಣದಿಂದಲ್ಲ. ಅನ್ಯ ಕಾರಣವನ್ನು ಅದಕ್ಕೆ ಅಂಟಿಸಿದವರು ನಾವೇ. ಹಾಗೆ ಅಂಟಿಸಿದ್ದರ ಫಲವಾಗಿ ಆ ತಾಯಿ ಎಂಟು ತಿಂಗಳು "ನಮಗೆ ಅದು ಬರುವುದಿಲ್ಲ" ಎಂದುಕೊಂಡು ಕುಳಿತರು.

ಈ ರೋಗಕ್ಕೂ ಹೆಣ್ಣಿನ ಜೀವನಕ್ರಮಕ್ಕೂ ಇರುವ ನಂಟನ್ನು ಬಹು ಹಿಂದೆಯೇ ಗಮನಿಸಿದವರಿದ್ದಾರೆ. 18ನೆಯ ಶತಮಾನದ ಆರಂಭದಲ್ಲಿ ಇಟಲಿಯ ವೈದ್ಯ ರಾಮಾಜ್ಜಿನಿ ಎಂಬವರು ಕ್ರೈಸ್ತ ಸಂನ್ಯಾಸಿನಿಯರ ಮಠಗಳಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ಕಂಡು ಬರೆದಿಟ್ಟರು. ಸಂಯಮದ ಜೀವನ ನಡೆಸಿದವರಿಗೇ ಅದು ಹೆಚ್ಚಾಗಿ ಬಂದಿತ್ತು. 1926ರಲ್ಲಿ ಇಂಗ್ಲೆಂಡಿನ ವೈದ್ಯೆ ಜಾನೆಟ್ ಲೇನ್-ಕ್ಲೇಪನ್ ಅವರು ರೋಗಿಗಳಾದ ಸುಮಾರು 500 ಮಹಿಳೆಯರನ್ನು ರೋಗವಿಲ್ಲದ ಅಷ್ಟೇ ಮಹಿಳೆಯರೊಡನೆ ಹೋಲಿಸಿ, ಮಕ್ಕಳನ್ನು ಹೆರುವುದಕ್ಕೂ ಹಾಲೂಡಿಸುವುದಕ್ಕೂ ಇದರೊಡನೆ ಸಂಬಂಧವಿದೆಯೆಂದು ತೋರಿಸಿದರು. ಇಂದು ಅದರ ಲೆಕ್ಕ ಇನ್ನೂ ಖಚಿತವಾಗಿದೆ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದೊಂದು ಹೆರಿಗೆಯಿಂದ ರೋಗದ ಸಂಭವ ಶೇಕಡ 7ರಷ್ಟು ತಗ್ಗುತ್ತದೆ. ಅದರ ಮೇಲೆ ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಶೇಕಡ 4.3ರಷ್ಟು ಇನ್ನೂ ತಗ್ಗುತ್ತದೆ. ಮಕ್ಕಳಾಗದ ಅಕ್ಕಂದಿರು ಇದನ್ನು ಓದಿ ನೊಂದುಕೊಳ್ಳಬಾರದು. ಇದು ಲಕ್ಷಾಂತರ ಜನರ ಸರಾಸರಿಯ ಮಾತು, ಒಬ್ಬರ ಹಣೆಬರಹವಲ್ಲ. ಆದರೆ ಎಳೆಯ ಸೊಸೆಯಂದಿರಿರುವ ಮನೆಯಲ್ಲಿ ಡಬ್ಬಿಯ ಹಾಲಿಗೆ ಅವಸರ ಮಾಡುವ ಅತ್ತೆಯರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಹಾಗಾದರೆ ಆಹಾರದ ಪಾಲು ಏನೂ ಇಲ್ಲವೇ? ಇದೆ. ಆದರೆ ಅದು ನಾವು ತಿಳಿದಿರುವ ಬಾಗಿಲಿನಿಂದ ಬರುವುದಿಲ್ಲ.

ಕೊಬ್ಬನ್ನು ಕಡಿಮೆ ಮಾಡಿದರೆ ಏನಾಗುತ್ತದೆಂದು ಅಮೆರಿಕೆಯಲ್ಲಿ ದೊಡ್ಡ ಪರೀಕ್ಷೆಯೊಂದನ್ನು ನಡೆಸಿದರು. 50ರಿಂದ 79 ವರ್ಷ ವಯಸ್ಸಿನ, ಮುಟ್ಟು ನಿಂತ 48,835 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಜಿಡ್ಡು ತಗ್ಗಿಸಿ ತರಕಾರಿ, ಹಣ್ಣು, ಕಾಳುಕಡಿಗಳನ್ನು ಹೆಚ್ಚಿಸುವಂತೆ ಕಲಿಸಿದರು. 2006ರಲ್ಲಿ ಲೆಕ್ಕ ಹಾಕಿದಾಗ ಆ ಗುಂಪಿನಲ್ಲಿ ರೋಗ ಶೇಕಡ 9ರಷ್ಟು ಕಡಿಮೆ ಕಂಡಿತಾದರೂ, ಅದು ಕೇವಲ ಆಕಸ್ಮಿಕವಾಗಿರಬಹುದಾದಷ್ಟು ಸಣ್ಣ ಅಂತರವಾಗಿತ್ತು. ಅದೇ ಮಹಿಳೆಯರನ್ನು ಸುಮಾರು 20 ವರ್ಷ ಗಮನಿಸಿ 2020ರಲ್ಲಿ ಮತ್ತೆ ಪ್ರಕಟಿಸಿದ ವರದಿಯಲ್ಲಿ, ಸ್ತನದ ಕ್ಯಾನ್ಸರಿನಿಂದ ಸಂಭವಿಸಿದ ಸಾವುಗಳು ಆ ಗುಂಪಿನಲ್ಲಿ ಶೇಕಡ 21ರಷ್ಟು ಕಡಿಮೆಯಿದ್ದವು. ಅಂದರೆ ಮಿತವಾದ ಆಹಾರದಿಂದ ಪ್ರಯೋಜನವುಂಟು, ನಿಧಾನವಾಗಿ ಉಂಟು, ಪವಾಡವಿಲ್ಲ.

ಇನ್ನೂ ಸ್ಪಷ್ಟವಾಗಿ ತಿಳಿದಿರುವುದು ತೂಕದ ವಿಷಯ. ಮುಟ್ಟು ನಿಂತ ಮೇಲೆ ಅಂಡಾಶಯಗಳು ಈಸ್ಟ್ರೊಜೆನ್ ಹಾರ್ಮೋನನ್ನು ತಯಾರಿಸುವುದು ಬಹುಮಟ್ಟಿಗೆ ನಿಲ್ಲುತ್ತದೆ. ಆಗ ಆ ಕೆಲಸವನ್ನು ಮುಂದುವರಿಸುವುದು ಮೈಯ ಕೊಬ್ಬು. ಹೊಟ್ಟೆ ಸೊಂಟಗಳಲ್ಲಿ ಕೊಬ್ಬು ಹೆಚ್ಚಿದಷ್ಟೂ ಹಾರ್ಮೋನು ಹೆಚ್ಚು. ಸ್ತನದ ಕ್ಯಾನ್ಸರಿನ ಬಹುಪಾಲು ಬಗೆಗಳಿಗೆ ಈ ಹಾರ್ಮೋನೇ ಗೊಬ್ಬರ. ಐದು ಅಡಿ ಎತ್ತರದ ಮಹಿಳೆಯ ತೂಕ ಸುಮಾರು 12 ಕಿಲೋ ಹೆಚ್ಚಿದರೆ, ಮುಟ್ಟು ನಿಂತ ನಂತರ ಈ ರೋಗದ ಸಂಭವ ಮೊದಲಿದ್ದುದಕ್ಕಿಂತ ಶೇಕಡ 12ರಷ್ಟು ಏರುತ್ತದೆ. ನಮ್ಮ ಪಂಕ್ತಿಗಳನ್ನು ನೋಡಿದರೆ ಮುಂದಿನ ಮಾತನ್ನು ಬರೆಯಬೇಕಾಗಿಲ್ಲ, ಆದರೂ ಬರೆಯುತ್ತೇವೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಪುಂಡಿ ಸೊಪ್ಪು, ಶೇಂಗಾ ಹಿಂಡಿ ಉಂಡು ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಅವ್ವಂದಿರ ಊಟದಲ್ಲಿ ದೋಷವಿರಲಿಲ್ಲ. ಇಂದು ಹೊಲಕ್ಕೆ ಹೋಗುವುದು ನಿಂತಿದೆ, ಹೋಳಿಗೆ ತುಪ್ಪ ಮಾತ್ರ ನಿಂತಿಲ್ಲ. ಹಬ್ಬಕ್ಕೊಂದು ಬಾರಿ ಇದ್ದ ಸಿಹಿ ಸೋಮವಾರಕ್ಕೊಂದು, ಹುಣ್ಣಿಮೆಗೊಂದು, ಮಗನ ಸಂಬಳದ ದಿನಕ್ಕೊಂದು ಆಗಿದೆ. ತುಪ್ಪವು ವಿಷವಲ್ಲ, ಕುಳಿತು ತಿಂದ ತುಪ್ಪ ಮೈಯಲ್ಲಿ ಉಳಿಯುತ್ತದೆ, ಅಷ್ಟೇ. ದಿನವೂ ಚುರುಕಾಗಿ ಅರ್ಧ ಗಂಟೆ ನಡೆಯುವುದರಿಂದ ತೂಕ ಇಳಿಯಲಿ ಬಿಡಲಿ ಈ ರೋಗದ ಸಂಭವ ಸ್ವಲ್ಪ ತಗ್ಗುತ್ತದೆಂಬುದಕ್ಕೂ ಆಧಾರಗಳಿವೆ.

ಮದ್ಯ ಸ್ತನದ ಕ್ಯಾನ್ಸರನ್ನು ಹೆಚ್ಚಿಸುತ್ತದೆಂಬುದು ನಿಸ್ಸಂದೇಹ. ಅಲ್ಪ ಪ್ರಮಾಣದಲ್ಲಿಯೂ ಹೆಚ್ಚಿಸುತ್ತದೆ. ನಮ್ಮ ಮನೆಗಳಲ್ಲಿ ಈ ಮಾತು ಬೇಡವೆಂದು ಬಿಡುತ್ತಿದ್ದೆವು, ಆದರೆ ನಗರಗಳಲ್ಲಿರುವ ನಮ್ಮ ಹೆಣ್ಣುಮಕ್ಕಳೂ ಈ ಪತ್ರಿಕೆಯನ್ನು ಓದುತ್ತಾರೆ.

ರೋಗ ಬಂದ ನಂತರದ ಪಥ್ಯದ ಬಗೆಗೂ ಒಂದು ಮಾತು ಹೇಳಬೇಕು. ಆ ತಾಯಿಗೆ ಆಗಲೇ ಮೂರು ಜನ ಮೂರು ಪಥ್ಯ ಹೇಳಿಯಾಗಿತ್ತು. ಒಬ್ಬರು ಸಕ್ಕರೆ ಬಿಟ್ಟರೆ ಗಂಟು ಕರಗುವುದೆಂದರು, ಒಬ್ಬರು ಹಾಲು ಬಿಡಿ ಎಂದರು, ಇನ್ನೊಬ್ಬರು ಅನ್ನವನ್ನೇ ಬಿಟ್ಟು ಹಸಿ ಸೊಪ್ಪಿನ ರಸ ಕುಡಿಯಿರಿ ಎಂದರು. ಚಿಕಿತ್ಸೆ ಮುಗಿಸಿದ 3,088 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಬಹಳ ಹೆಚ್ಚು ತರಕಾರಿ, ಹಣ್ಣು, ನಾರು ಇರುವ, ಜಿಡ್ಡು ಕಡಿಮೆಯಿರುವ ಆಹಾರವನ್ನು ಕೊಟ್ಟು ಏಳು ವರ್ಷಕ್ಕೂ ಹೆಚ್ಚು ಕಾಲ ನೋಡಿದ ಪರೀಕ್ಷೆಯೊಂದು ಅಮೆರಿಕೆಯಲ್ಲಿ ನಡೆದಿದೆ. 2007ರಲ್ಲಿ ಬಂದ ಫಲಿತಾಂಶದಲ್ಲಿ, ಸಾಧಾರಣ ಹಿತಾಹಾರ ಉಂಡವರಿಗೂ ಇವರಿಗೂ ರೋಗ ಮರುಕಳಿಸುವುದರಲ್ಲಿ ವ್ಯತ್ಯಾಸವಿರಲಿಲ್ಲ. ಔಷಧೋಪಚಾರದ ಕಾಲದಲ್ಲಿ ದೇಹಕ್ಕೆ ಶಕ್ತಿ ಬೇಕು. ಬೇಳೆ, ಮೊಸರು, ರೊಟ್ಟಿ, ಬೇಯಿಸಿದ ಸೊಪ್ಪು ಉಣ್ಣಿರಿ ಎಂದು ನಾವು ಹೇಳಿದೆವು. ಅವರ ಆಸ್ಪತ್ರೆಯ ವೈದ್ಯರು ಹೇಳಿದ್ದೂ ಅದನ್ನೇ.

ಈಗ ಮರೆಮಾಚಿದ ಗಂಟಿನ ಮಾತು. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 1,92,000 ಮಹಿಳೆಯರಿಗೆ ಸ್ತನದ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 98,000 ಮಂದಿ ಅದರಿಂದ ತೀರಿಕೊಂಡರು. ಸಾವಿನ ಈ ಪ್ರಮಾಣಕ್ಕೆ ದೊಡ್ಡ ಕಾರಣ ತಡವಾಗಿ ಬರುವುದು. ತಡವಾಗುವುದಕ್ಕೆ ಬಡತನ ಒಂದು ಕಾರಣವಾದರೆ, ನಾಚಿಕೆ ಇನ್ನೊಂದು. ಬಡತನದ ಬಗ್ಗೆ ಬೇರೆಯವರು ಬರೆಯಲಿ. ನಾಚಿಕೆಯ ಬಗ್ಗೆ ನಾವು ಬರೆಯಲೇಬೇಕು. ಪಂಚಸೂತಕಗಳನ್ನು ತಳ್ಳಿಹಾಕಿದ ಶರಣರು ರಜಸ್ಸೂತಕವನ್ನೂ ತಳ್ಳಿಹಾಕಿದರು. ಹೆಣ್ಣಿನ ಮುಟ್ಟಿನಲ್ಲಿ ಮೈಲಿಗೆಯಿಲ್ಲ, ಅವಳು ಆ ದಿನಗಳಲ್ಲಿಯೂ ಇಷ್ಟಲಿಂಗವನ್ನು ಪೂಜಿಸಬಹುದು ಎಂದು ಒಂಬತ್ತು ಶತಮಾನಗಳ ಹಿಂದೆ ಒಪ್ಪಿಕೊಂಡ ಸಮಾಜ ನಮ್ಮದು. ಅಂಥ ಸಮಾಜದ ಹೆಣ್ಣುಮಗಳು ಎದೆಯ ಮೇಲಿನ ಗಂಟನ್ನು ಗಂಡನಿಗೂ ಹೇಳಲಾರದೆ ಎಂಟು ತಿಂಗಳು ಬಚ್ಚಿಟ್ಟುಕೊಂಡರೆ, ಪ್ರವಚನ ಕೇಳಿದ ನಮ್ಮ ಕಿವಿಗಳು ಏನು ಮಾಡುತ್ತಿದ್ದವು?

ನೋವಿಲ್ಲದ ಗಂಟು, ಚರ್ಮ ಒಳಗೆ ಎಳೆದುಕೊಂಡಂತಾಗುವುದು ಅಥವಾ ಕಿತ್ತಳೆ ಸಿಪ್ಪೆಯಂತೆ ಕಾಣುವುದು, ಮೊಲೆತೊಟ್ಟು ಹೊಸದಾಗಿ ಒಳಸರಿಯುವುದು ಅಥವಾ ಅದರಿಂದ ರಕ್ತ ಬರುವುದು, ಕಂಕುಳಲ್ಲಿ ಗಂಟು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ವಾರವೇ ವೈದ್ಯರಿಗೆ ತೋರಿಸಬೇಕು. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಯಾವುದು ಅಲ್ಲ ಎಂಬುದನ್ನು ನಾವು ಮನೆಯಲ್ಲಿ ಕುಳಿತು ತೀರ್ಮಾನಿಸಲಾಗದು. ಸೂಜಿ ಚುಚ್ಚಿ ಪರೀಕ್ಷಿಸಿದರೆ ರೋಗ ಮೈಯೆಲ್ಲ ಹರಡುತ್ತದೆಂಬ ಮಾತು ಹಳ್ಳಿಗಳಲ್ಲಿ ಓಡಾಡುತ್ತದೆ, ಅದು ಸುಳ್ಳು. ಈ ರೋಗವನ್ನು ಬೇಗ ಹಿಡಿಯಲು ದೊಡ್ಡ ಯಂತ್ರಗಳೇ ಬೇಕೆಂದೂ ಇಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಅಲ್ಲಿಯ ಬಡವರ ವಸತಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರಲ್ಲಿ ಪರೀಕ್ಷೆ ನಡೆಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಮುಟ್ಟಿ ನೋಡುತ್ತಿದ್ದರು. 2021ರಲ್ಲಿ ಪ್ರಕಟವಾದ ಲೆಕ್ಕದಂತೆ, 50 ದಾಟಿದ ಮಹಿಳೆಯರಲ್ಲಿ ಈ ರೋಗದ ಸಾವು ಶೇಕಡ 30ರಷ್ಟು ತಗ್ಗಿತ್ತು. ನುರಿತ ಹತ್ತು ಬೆರಳುಗಳಿಂದ ಇಷ್ಟಾಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ದೂರವೆನಿಸಿದರೆ ಮೊದಲು ತಾಲೂಕು ಆಸ್ಪತ್ರೆಯ ಲೇಡಿ ಡಾಕ್ಟರರಿಗೆ ತೋರಿಸಬಹುದು.

ಇನ್ನು ಆ ಯಜಮಾನರ ಪ್ರಶ್ನೆ. ಅವರ ಮುಖ ನಮ್ಮ ಕಣ್ಣಿನಿಂದ ಮರೆಯಾಗಿಲ್ಲ. ತಾನೇ ಹೊಡೆದ ಎಣ್ಣೆ ತನ್ನ ಹೆಂಡತಿಯ ಎದೆಯ ಗಂಟಾಯಿತೆಂಬ ಭಾರವನ್ನು ಹೊತ್ತು ಕುಳಿತ ಮನುಷ್ಯನಿಗೆ ಸುಳ್ಳು ಸಮಾಧಾನವನ್ನೂ ಹೇಳಬಾರದು, ಇಲ್ಲದ ಪಾಪವನ್ನೂ ಹೊರಿಸಬಾರದು.

ಈ ಬಗ್ಗೆ ಹೆಚ್ಚು ಅಧ್ಯಯನವಾಗಿರುವುದು ಡಿ.ಡಿ.ಟಿ. ಕುರಿತು. ಅಮೆರಿಕೆಯ ಲಾಂಗ್ ಐಲ್ಯಾಂಡ್ ಪ್ರದೇಶದ ಮಹಿಳೆಯರ ರಕ್ತದಲ್ಲಿ ಅದರ ಅಂಶವನ್ನು ಅಳೆದು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ತನದ ಕ್ಯಾನ್ಸರಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ಆದರೆ ಕ್ಯಾಲಿಫೋರ್ನಿಯದಲ್ಲಿ ದಶಕಗಳ ಹಿಂದೆ ಸಂಗ್ರಹಿಸಿಟ್ಟ ರಕ್ತವನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, 14 ವರ್ಷ ತುಂಬುವ ಮೊದಲೇ ಡಿ.ಡಿ.ಟಿ.ಗೆ ಹೆಚ್ಚಾಗಿ ಒಡ್ಡಿಕೊಂಡವರಿಗೆ ಮುಂದೆ ಈ ರೋಗ ಹೆಚ್ಚಾಗಿ ಬಂದದ್ದು ಕಂಡಿತು. ಹಾಗಿರುವಾಗ, ಬದನೆಗೆ ಹೊಡೆದ ಇಂಥ ಔಷಧದಿಂದಲೇ ಇವರಿಗೆ ಗಂಟು ಬಂತೆಂದು ಯಾವ ವೈದ್ಯರೂ ಹೇಳಲಾರರು. ಐವತ್ತು ದಾಟಿದ ವಯಸ್ಸೇ ಒಂದು ದೊಡ್ಡ ಕಾರಣ. ಆದರೆ ಬೆಳೆಯುವ ಹೆಣ್ಣುಮಕ್ಕಳನ್ನು ಎಣ್ಣೆ ಹೊಡೆಯುವ ಹೊಲದಿಂದ, ಪಂಪಿನಿಂದ, ಖಾಲಿ ಡಬ್ಬಿಗಳಿಂದ ದೂರವಿಡುವುದಕ್ಕೆ ಇನ್ನೇನು ಪುರಾವೆ ಬೇಕು? ಹೊಡೆಯುವವರ ಕಣ್ಣು, ಚರ್ಮ, ಉಸಿರಿಗೆ ಅದರಿಂದಾಗುವ ಕೇಡಂತೂ ವಾದವಿಲ್ಲದ್ದು. ಎಣ್ಣೆಗೆ ಹೆದರಿ ತರಕಾರಿಯನ್ನೇ ಬಿಡುವವರೂ ಇದ್ದಾರೆ. ಅದು ತಪ್ಪು ಲೆಕ್ಕ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು, ಸಿಪ್ಪೆ ತೆಗೆಯುವುದನ್ನು ತೆಗೆದು ಬೇಯಿಸಿ ಉಣ್ಣಬೇಕು.

ನಾವು ಆ ಯಜಮಾನರನ್ನು ತಿರುಗಿ ಕೇಳಿದ್ದು ಬೇರೆ ಪ್ರಶ್ನೆ. ವಾರಕ್ಕೆ ಎರಡು ಸಲ ಯಾಕೆ ಹೊಡೆಯಬೇಕಾಯಿತು? ಮೊದಲು ಕಾಯಿಕೊರಕ ಹುಳಕ್ಕೆಂದು ಹೊಡೆದರಂತೆ. ಆ ಮೇಲೆ ಎಲೆಗಳ ಮೇಲೆ ಬಿಳಿ ಚುಕ್ಕೆ ಬಿದ್ದು, ಕೆಳಗೆ ಬಲೆ ಕಟ್ಟಿ, ಗಿಡ ಕಂದತೊಡಗಿತು, ಅದಕ್ಕೂ ಹೊಡೆದರು. ಹೊಡೆದಷ್ಟೂ ಹೆಚ್ಚಾಯಿತು. ಈ ಕಥೆಯನ್ನು ಬೇಸಿಗೆಯಲ್ಲಿ ಬದನೆ, ಬೆಂಡೆ, ಟೊಮ್ಯಾಟೊ ಬೆಳೆದವರು ಯಾರಾದರೂ ಹೇಳಬಲ್ಲರು.

ಬಲೆ ಕಟ್ಟಿದ್ದು ಕೆಂಪು ಜೇಡ ನುಸಿ. ಅದು ಹುಳವಲ್ಲ, ಎಂಟು ಕಾಲಿನ, ಜೇಡನ ಬಂಧುವಾದ, ಅರ್ಧ ಮಿಲಿಮೀಟರಿನ ಜೀವಿ. ಎಲೆಯ ಕೆಳಮೈಯಲ್ಲಿ ಕುಳಿತು ರಸ ಹೀರುತ್ತದೆ. ಬಿಸಿಲು ಜೋರಾಗಿದ್ದು ಗಾಳಿ ಒಣಗಿದ್ದರೆ ಒಂದು, ಒಂದೂವರೆ ವಾರದಲ್ಲಿ ಮೊಟ್ಟೆ ದೊಡ್ಡದಾಗಿ ಮತ್ತೆ ಮೊಟ್ಟೆಯಿಡುತ್ತದೆ. ಪ್ರಕೃತಿಯಲ್ಲಿ ಇದನ್ನು ಮಿತಿಯಲ್ಲಿಡುವ ಜೀವಿಯೂ ಅದೇ ಎಲೆಯ ಕೆಳಗಿದೆ. ಅದೂ ನುಸಿಯೇ, ಆದರೆ ಗಿಡವನ್ನು ಮುಟ್ಟದೆ ನುಸಿಯನ್ನೇ ಬೇಟೆಯಾಡಿ ತಿನ್ನುವ ಪರಭಕ್ಷಕ ನುಸಿ. ನಯವಾದ, ಹನಿಯಾಕಾರದ ಮೈ, ಉದ್ದ ಕಾಲು, ಚುರುಕು ಓಟ. ಮಸೂರದಲ್ಲಿ ನೋಡಿದರೆ ನಿಂತಲ್ಲೇ ನಿಂತು ಹೀರುವುದು ವೈರಿ, ಸರಸರನೆ ಓಡಾಡುವುದು ಮಿತ್ರ ಎಂದು ಸುಲಭವಾಗಿ ಗುರುತಿಸಬಹುದು. ಹುಳಗಳಿಗೆಂದು ಹೊಡೆಯುವ ಅನೇಕ ಔಷಧಗಳು, ಮುಖ್ಯವಾಗಿ ಪೈರೆಥ್ರಾಯ್ಡ್ ಗುಂಪಿನವು, ಈ ಮಿತ್ರನನ್ನು ಕೊಲ್ಲುತ್ತವೆ. ಜೇಡ ನುಸಿಯನ್ನು ಹೆಚ್ಚೇನೂ ಮಾಡುವುದಿಲ್ಲ. ಬೆಕ್ಕನ್ನು ಕೊಂದು ಇಲಿಗೆ ಕಣಜದ ಬಾಗಿಲು ತೆರೆದಂತೆ. ಎರಡನೆಯ ಮಹಾಯುದ್ಧದ ನಂತರ ಡಿ.ಡಿ.ಟಿ. ಹೊಡೆದ ಹಣ್ಣಿನ ತೋಟಗಳಲ್ಲಿ ನುಸಿ ಉಕ್ಕಿ ಬಂದಾಗಲೇ ಲೋಕಕ್ಕೆ ಈ ಪಾಠವಾಗಿತ್ತು.

ಬೇಟೆಗಾರ ನುಸಿಯನ್ನು ಬೆಳೆಗಾರರ ಕೈಗೆ ತಂದುಕೊಟ್ಟವರು ಒಬ್ಬ ಒಕ್ಕಲಿಗರೇ ಎಂಬುದು ನಮಗೆ ಸಂತೋಷದ ವಿಷಯ. 1950ರ ದಶಕದ ಕೊನೆಯಲ್ಲಿ ಚಿಲಿ ದೇಶದಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳ ಮೇಲೆ ಕಿತ್ತಳೆಗೆಂಪಿನ ಒಂದು ಪರಭಕ್ಷಕ ನುಸಿ ಸಿಕ್ಕಿತು. ಫೈಟೊಸಿಯುಲಸ್ ಪರ್ಸಿಮಿಲಿಸ್ ಎಂದು ಅದರ ಹೆಸರು. ಜೇಡ ನುಸಿಯ ಹೊರತು ಬೇರೇನನ್ನೂ ಅದು ತಿನ್ನದು. ಹೆಣ್ಣು ನುಸಿಯೊಂದು ದಿನಕ್ಕೆ ಐದು ದೊಡ್ಡ ನುಸಿಗಳನ್ನೋ ಇಪ್ಪತ್ತು ಮೊಟ್ಟೆಗಳನ್ನೋ ಮುಗಿಸುತ್ತದೆ, ವೈರಿಗಿಂತ ಬೇಗ ವಂಶ ಬೆಳೆಸುತ್ತದೆ. ಹಾಲೆಂಡಿನ ಯಾನ್ ಕಾಪರ್ಟ್ ಎಂಬ ಸೌತೆಕಾಯಿ ಬೆಳೆಗಾರರಿಗೆ ಸಿಂಪಡಣೆಯ ಔಷಧಗಳು ಮೈಗೆ ಒಗ್ಗದಾದವು, ನುಸಿಯಂತೂ ಔಷಧಕ್ಕೆ ಬಗ್ಗದಾಗಿತ್ತು. 1967ರಲ್ಲಿ ಅವರು ತಮ್ಮ ಗಾಜಿನ ಮನೆಯಲ್ಲಿ ಈ ನುಸಿಯನ್ನು ಬಿಟ್ಟು ಬೆಳೆ ಉಳಿಸಿಕೊಂಡರು, ನೆರೆಯವರಿಗೂ ಬೆಳೆಸಿ ಕೊಟ್ಟರು. ಇಂದು ಎಷ್ಟೋ ದೇಶಗಳ ಗಾಜಿನ ಮನೆಗಳಲ್ಲಿ ಅದು ನಿತ್ಯದ ರೂಢಿ.

ಇದು ಶ್ರೀಮಂತರ ಗಾಜಿನ ಮನೆಯ ಮಾತು ಎನ್ನುವವರಿಗೆ ಆಫ್ರಿಕದ ಉದಾಹರಣೆ ಸಾಕು. ಅಲ್ಲಿಯ ಬಡವರ ಅನ್ನವಾದ ಮರಗೆಣಸಿಗೆ 1971ರಲ್ಲಿ ಉಗಾಂಡದಲ್ಲಿ ದಕ್ಷಿಣ ಅಮೆರಿಕದ ಹಸಿರು ನುಸಿಯೊಂದು ಗಂಟುಬಿದ್ದು ಖಂಡವೆಲ್ಲ ಹರಡಿತು. ಔಷಧ ಕೊಳ್ಳುವ ಶಕ್ತಿ ಆ ರೈತರಿಗಿರಲಿಲ್ಲ. ವಿಜ್ಞಾನಿಗಳು ನುಸಿಯ ತವರಿಗೇ ಹೋಗಿ ಅದರ ವೈರಿಯನ್ನು ಹುಡುಕಿ, ಬ್ರೆಜಿಲ್‌ನಿಂದ ಟೈಫ್ಲೊಡ್ರೊಮಾಲಸ್ ಅರಿಪೊ ಎಂಬ ಪರಭಕ್ಷಕ ನುಸಿಯನ್ನು ತಂದು 1993ರಲ್ಲಿ ಬೆನಿನ್ ದೇಶದಲ್ಲಿ ಬಿಟ್ಟರು. ಅದು ಹಗಲಿಡೀ ಗಿಡದ ತುದಿಯ ಎಳೆಚಿಗುರಿನಲ್ಲಿ ಅಡಗಿದ್ದು, ರಾತ್ರಿ ಇಳಿದು ಬಂದು ಎಲೆಗಳ ಮೇಲೆ ಬೇಟೆಯಾಡುತ್ತದೆ. ಒಮ್ಮೆ ಬಿಟ್ಟದ್ದು ತಾನೇ ನೆಲೆಯೂರಿ, ತಾನೇ ಊರಿಂದೂರಿಗೆ ಹರಡಿತು. ನೆಲೆಯೂರಿದ ಕಡೆ ಹಸಿರು ನುಸಿ ಗಣನೀಯವಾಗಿ ತಗ್ಗಿ, ಗೆಣಸಿನ ಇಳುವರಿ ಸುಮಾರು ಮೂರನೆಯ ಒಂದು ಪಾಲು ಏರಿತು. ರೈತರು ಅದಕ್ಕಾಗಿ ಒಂದು ಬಿಡಿಗಾಸನ್ನೂ ಕೊಡಲಿಲ್ಲ.

ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಜಿ.ಪಿ. ಚನ್ನಬಸವಣ್ಣನವರು ನುಸಿಗಳ ಅಧ್ಯಯನಕ್ಕೆ ಬುನಾದಿ ಹಾಕಿದರು. ಅವರ ಗ್ರಂಥ 1966ರಷ್ಟು ಹಿಂದಿನದು. 1986ರಲ್ಲಿ ಜಗತ್ತಿನ ನುಸಿತಜ್ಞರ ಏಳನೆಯ ಮಹಾಸಮ್ಮೇಳನ ಬೆಂಗಳೂರಿನಲ್ಲಿಯೇ ನೆರೆದಿತ್ತು. ಹೊರಗಿನಿಂದ ತರಬೇಕಾದ ಅಗತ್ಯವೂ ಬಹುಮಟ್ಟಿಗಿಲ್ಲ. ಜೇಡ ನುಸಿಯನ್ನು ತಿನ್ನುವ ನಿಯೋಸಿಯುಲಸ್ ಲಾಂಜಿಸ್ಪೈನೋಸಸ್ ನಮ್ಮ ನೆಲದ್ದೇ. ಬ್ಯಾಡಗಿ ಸೀಮೆಯಲ್ಲಿ ಮೆಣಸಿನ ಎಲೆಯನ್ನು ಕೆಳಮುಖವಾಗಿ ಮುರುಟಿಸುವ ಹಳದಿ ನುಸಿಯನ್ನು ತಿನ್ನುವ ಆಂಬ್ಲಿಸಿಯಸ್ ಬಳಗದ ನುಸಿಗಳೂ ನಮ್ಮ ಗಿಡಗಳ ಮೇಲಿವೆ. ಎಲೆ ಮೇಲ್ಮುಖವಾಗಿ ಮುದುಡಿದರೆ ಅದು ಥ್ರಿಪ್ಸ್ ಹುಳದ ಕೆಲಸ. ಎರಡಕ್ಕೂ ಒಂದೇ ಎಣ್ಣೆ ಹೊಡೆಯುವ ತಪ್ಪು ಇಲ್ಲಿಂದಲೇ ಆರಂಭವಾಗುತ್ತದೆ. ಬೇಟೆಗಾರ ನುಸಿಗೂ ಮಿತಿಗಳಿವೆಯೆನ್ನಿ. ಬಿರುಬಿಸಿಲಿನ ಒಣಹವೆ ಅದಕ್ಕೆ ಒಗ್ಗದು, ವೈರಿ ಬಲೆ ಕಟ್ಟಿ ಗಿಡವನ್ನೆಲ್ಲ ಮುಚ್ಚಿದ ಮೇಲೆ ಅದರಿಂದ ತಕ್ಷಣ ಏನೂ ಆಗದು. ಹೊರಗಿನಿಂದ ಕೊಂಡು ಬಿಡುವ ಮೊದಲು ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಆ ಯಜಮಾನರಿಗೆ ನಾವು ಹೇಳಿದ್ದು ಇಷ್ಟು. ವಾರಕ್ಕೊಮ್ಮೆ ಹೊಲದಲ್ಲಿ ಅಲ್ಲಲ್ಲಿ ಇಪ್ಪತ್ತು ಗಿಡಗಳ ಕೆಳ ಎಲೆಗಳನ್ನು ತಿರುಗಿಸಿ ಮಸೂರದಲ್ಲಿ ನೋಡಿರಿ. ಬಲೆ ಕಂಡ ಎಲೆಗಳನ್ನು ಕಿತ್ತು ಚೀಲದಲ್ಲಿ ಕಟ್ಟಿ ಹೊರಗೊಯ್ಯಿರಿ. ಎಲೆಯ ಕೆಳಮೈಗೆ ರಭಸವಾಗಿ ಬರೀ ನೀರು ಹೊಡೆದರೂ ನುಸಿ ತೊಳೆದುಹೋಗುತ್ತದೆ, ದೂಳು ಕಳೆದು ಮಿತ್ರನಿಗೂ ತಂಪಾಗುತ್ತದೆ. ಹುಳ ಬಿದ್ದ ಕಾಯಿ, ಬಾಡಿದ ಕುಡಿಗಳನ್ನು ಚಿವುಟಿ ತೆಗೆದರೆ ಕೊರಕಕ್ಕೆ ಹೊಡೆಯುವ ಎಣ್ಣೆಯೇ ಅರ್ಧ ಉಳಿಯುತ್ತದೆ. ಹೊಡೆಯಲೇಬೇಕಾದರೆ, ಹೊಡೆದ ಎಷ್ಟು ದಿನದ ಮೇಲೆ ಕಾಯಿ ಕೊಯ್ಯಬೇಕೆಂದು ಚೀಟಿಯ ಮೇಲೆ ಬರೆದಿರುತ್ತದೆ, ಅದನ್ನು ಮೀರಬೇಡಿರಿ. ಸಂತೆಯಲ್ಲಿ ಕೊಳ್ಳುವವರ ಮನೆಯಲ್ಲಿಯೂ ಉಣ್ಣುವ ಮಕ್ಕಳಿದ್ದಾರೆ.

ಆ ತಾಯಿಗೆ ಶಸ್ತ್ರಚಿಕಿತ್ಸೆಯಾಯಿತು. ಔಷಧೋಪಚಾರ ಇನ್ನೂ ನಡೆದಿದೆ. ಕೂದಲು ಉದುರಿದ್ದು ಮತ್ತೆ ಬರುತ್ತಿದೆಯೆಂದು ಕಳೆದ ತಿಂಗಳು ಪತ್ರ ಬಂದಿತ್ತು. ಪತ್ರ ಬರೆದವರು ಸೊಸೆ. ಗಂಡಸರು ಹೊಲಕ್ಕೆ ಹೋಗುವಾಗ ತಂದ ಮಸೂರವನ್ನು ಮನೆಯಲ್ಲಿಯೇ ಮರೆತು ಹೋಗುತ್ತಾರೆಂದೂ, ಈಗ ಎಲೆ ತಿರುಗಿಸಿ ನೋಡುವುದು ತನ್ನ ಕೆಲಸವಾಗಿದೆಯೆಂದೂ, ಇಪ್ಪತ್ತು ಗಿಡಗಳಲ್ಲಿ ಏಳರ ಮೇಲೆ ಓಡಾಡುವ ನುಸಿ ಕಂಡಿತೆಂದೂ ಬರೆದಿದ್ದಾರೆ.